ಕಾರ್ಖಾನೆಯ ಹಿಂದೆ ಬಂದ ಪದವಿ

ಬೆಂಗಳೂರಿನ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಹೋಗುವ ಮೆಟ್ರೊ ಹಳದಿ ಮಾರ್ಗ 2025ರ ಆಗಸ್ಟ್ ತಿಂಗಳಲ್ಲಿ ಆರಂಭವಾಯಿತು. ಮಾರ್ಗದ ಕೊನೆಯ ಭಾಗದಲ್ಲಿ ಬರುವ ಎರಡು ನಿಲ್ದಾಣಗಳ ಹೆಸರು ಗಮನ ಸೆಳೆಯುವಂತಿವೆ. ಒಂದು ‘ಇನ್ಫೊಸಿಸ್ ಫೌಂಡೇಷನ್ ಕೋನಪ್ಪನ ಅಗ್ರಹಾರ’, ಇನ್ನೊಂದು ‘ಬಯೋಕಾನ್ ಹೆಬ್ಬಗೋಡಿ’. ನಡುವೆ ಇರುವುದು ಹುಸ್ಕೂರು ರಸ್ತೆಯ ಒಂದೇ ನಿಲ್ದಾಣ. ‘ಐಟಿ-ಬಿಟಿ’ ಎಂದು ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿಬಿಡುವ ನಮ್ಮ ಅಭ್ಯಾಸಕ್ಕೆ ತಕ್ಕಂತೆ ಇವೆರಡೂ ಅಕ್ಕಪಕ್ಕದಲ್ಲೇ ಇವೆ.

ಪ್ರತಿ ವರ್ಷ ಪಿಯುಸಿ ಫಲಿತಾಂಶ ಬಂದ ಕೂಡಲೇ ಅನೇಕ ಮನೆಗಳಲ್ಲಿ ಒಂದು ಪ್ರಶ್ನೆ ಏಳುತ್ತದೆ. ‘ಮೆಡಿಕಲ್ ಸೀಟು ಸಿಗುವ ಹಾಗಿಲ್ಲ. ಜೀವಶಾಸ್ತ್ರದಲ್ಲಿ ಅಂಕ ಚೆನ್ನಾಗಿದೆ. ಬಯೋಟೆಕ್ನಾಲಜಿ ಓದಿಸಿದರೆ ಹೇಗೆ? ಕೆಲಸ ಸಿಗುತ್ತದೆಯೇ?’ ಸಿಗುತ್ತದೆ ಎನ್ನುವವರೂ ಇದ್ದಾರೆ, ಸಿಗುವುದಿಲ್ಲ ಎನ್ನುವವರೂ ಇದ್ದಾರೆ. ಇಬ್ಬರ ಮಾತಿನಲ್ಲೂ ಅರ್ಧ ನಿಜವಿದೆ. ಉಳಿದ ಅರ್ಧ ತಿಳಿಯಬೇಕಾದರೆ ಈ ಪದವಿ ನಮ್ಮಲ್ಲಿಗೆ ಹೇಗೆ ಬಂತು ಎಂಬುದನ್ನು ನೋಡಬೇಕು. ಸಾಮಾನ್ಯವಾಗಿ ಮೊದಲು ವಿದ್ಯೆ, ಆಮೇಲೆ ಅದನ್ನು ನಂಬಿದ ಉದ್ಯಮ ಎಂದು ನಾವು ಭಾವಿಸುತ್ತೇವೆ. ಬೆಂಗಳೂರಿನಲ್ಲಿ ನಡೆದದ್ದು ತಿರುವುಮುರುವು. ಇಲ್ಲಿ ಕಾರ್ಖಾನೆ ಮೊದಲು ಬಂತು. ಪದವಿ ಅದರ ಹಿಂದೆ, ಸುಮಾರು ಎರಡು ದಶಕ ತಡವಾಗಿ ಬಂತು.

1978ರ ಸೋಜಿಗ

‘ಬಯೋಟೆಕ್ನಾಲಜಿ’ ಎಂಬ ಪದ ಹೊಸದಲ್ಲ. ಹಂಗೇರಿಯ ಕೃಷಿ ಎಂಜಿನಿಯರ್ ಕಾರ್ಲ್ ಎರೆಕಿ 1919ರಷ್ಟು ಹಿಂದೆಯೇ ಅದನ್ನು ಬಳಸಿದ್ದ. ಜೀವಿಗಳ ನೆರವಿನಿಂದ ಕಚ್ಚಾವಸ್ತುವನ್ನು ಉತ್ಪನ್ನವಾಗಿ ಮಾರ್ಪಡಿಸುವುದು ಎಂಬುದು ಅವನ ಅರ್ಥ. ಆ ಲೆಕ್ಕದಲ್ಲಿ ರಾತ್ರಿ ರುಬ್ಬಿಟ್ಟ ಇಡ್ಲಿ ಹಿಟ್ಟು ಬೆಳಿಗ್ಗೆ ಉಬ್ಬುವುದೂ ಜೈವಿಕ ತಂತ್ರಜ್ಞಾನವೇ. ಹಾಲಿಗೆ ಹೆಪ್ಪು ಹಾಕುವ ಗೃಹಿಣಿಯೂ ಸೂಕ್ಷ್ಮಜೀವಿಗಳಿಂದ ಕೆಲಸ ತೆಗೆಯುವವಳೇ. ಬಿಯರ್ ತಯಾರಿಕೆ ಇದೇ ವಿದ್ಯೆಯ ಹಳೆಯ ಕೈಗಾರಿಕಾ ರೂಪ.

ಆದರೆ ಆಧುನಿಕ ಅರ್ಥದ ಜೈವಿಕ ತಂತ್ರಜ್ಞಾನಕ್ಕೆ 1978 ಒಂದು ಮುಖ್ಯವಾದ ವರ್ಷ. ಡಿಎನ್‌ಎ ಎಳೆಯನ್ನು ಗೊತ್ತಾದ ಜಾಗದಲ್ಲಿ ಕತ್ತರಿಸುವ ಕಿಣ್ವಗಳ ಶೋಧಕ್ಕಾಗಿ ಆ ವರ್ಷ ವರ್ನರ್ ಆರ್ಬರ್, ಡೇನಿಯಲ್ ನೇಥನ್ಸ್ ಮತ್ತು ಹ್ಯಾಮಿಲ್ಟನ್ ಸ್ಮಿತ್ ಅವರಿಗೆ ನೊಬೆಲ್ ಪ್ರಶಸ್ತಿ ಬಂತು. ಅಮೆರಿಕದ ಜೆನೆನ್‌ಟೆಕ್ ಸಂಸ್ಥೆ ಮಾನವನ ಇನ್ಸುಲಿನ್ ಅನ್ನು ಬ್ಯಾಕ್ಟೀರಿಯಾಗಳಿಂದ ತಯಾರಿಸಿದ ಸುದ್ದಿ ಹೊರಬಿದ್ದದ್ದೂ ಅದೇ ವರ್ಷ. ಅಲ್ಲಿಯವರೆಗೆ ಮಧುಮೇಹಿಗಳು ಹಂದಿ ಮತ್ತು ದನಗಳ ಮೇದೋಜೀರಕ ಗ್ರಂಥಿಯಿಂದ ತೆಗೆದ ಇನ್ಸುಲಿನ್ ಅನ್ನೇ ಅವಲಂಬಿಸಬೇಕಾಗಿತ್ತು.

ಅತ್ತ ಅದು ನಡೆಯುತ್ತಿದ್ದಾಗ ಇತ್ತ ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರು ಗ್ರಾಮಗಳ 332 ಎಕರೆ ಜಮೀನಿನಲ್ಲಿ ಕಿಯೋನಿಕ್ಸ್ ಸಂಸ್ಥೆ ‘ಎಲೆಕ್ಟ್ರಾನಿಕ್ ಸಿಟಿ’ಗೆ ಅಡಿಪಾಯ ಹಾಕುತ್ತಿತ್ತು. ಕೋರಮಂಗಲದ ಒಂದು ಬಾಡಿಗೆ ಮನೆಯ ಗ್ಯಾರೇಜಿನಲ್ಲಿ 25 ವರ್ಷದ ಕಿರಣ್ ಮಜುಂದಾರ್ 10,000 ರೂಪಾಯಿ ಬಂಡವಾಳದೊಂದಿಗೆ ‘ಬಯೋಕಾನ್ ಇಂಡಿಯಾ’ ಆರಂಭಿಸಿದ್ದು ಕೂಡ 1978ರಲ್ಲಿಯೇ. ಐರ್ಲೆಂಡಿನ ಬಯೋಕಾನ್ ಬಯೋಕೆಮಿಕಲ್ಸ್ ಸಂಸ್ಥೆ ಅದರ ಪಾಲುದಾರ.

ಆಕೆ ಓದಿದ್ದೇನು ಎಂಬುದು ನಮ್ಮ ವಿಷಯಕ್ಕೆ ಮುಖ್ಯ. ವೈದ್ಯೆಯಾಗಬೇಕೆಂಬ ಆಸೆ ಈಡೇರಲಿಲ್ಲ. 1973ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದಿಂದ ಪಡೆದದ್ದು ಪ್ರಾಣಿಶಾಸ್ತ್ರದ ಬಿ.ಎಸ್ಸಿ. ಬಳಿಕ ಆಸ್ಟ್ರೇಲಿಯದ ಬ್ಯಾಲರಟ್‌ಗೆ ಹೋಗಿ 1975ರಲ್ಲಿ ಬಿಯರ್ ತಯಾರಿಕೆಯ ಪರಿಣತಿ ಪಡೆದು ಬಂದರು. ತಂದೆ ಅದೇ ವೃತ್ತಿಯಲ್ಲಿ ಹೆಸರಾಗಿದ್ದವರು. ಆದರೂ ಹೆಂಗಸೆಂಬ ಕಾರಣಕ್ಕೆ ಆ ಹುದ್ದೆ ನಮ್ಮ ದೇಶದಲ್ಲಿ ಆಕೆಗೆ ಸಿಗಲಿಲ್ಲ. ಹುದುಗುವಿಕೆಯ ಆ ವಿದ್ಯೆಯನ್ನೇ ಅವರು ಬೇರೆ ಕಡೆಗೆ ತಿರುಗಿಸಿದರು.

ಬಯೋಕಾನ್‌ನ ಮೊದಲ ಉತ್ಪನ್ನಗಳು ಎರಡು. ಪರಂಗಿ ಕಾಯಿಯ ಹಾಲಿನಿಂದ ತೆಗೆದ ಪಪೈನ್ ಎಂಬ ಕಿಣ್ವ, ಮತ್ತು ಮೀನಿನ ಗಾಳಿಚೀಲದಿಂದ ತೆಗೆದ ಐಸಿಂಗ್ಲಾಸ್. ಎರಡೂ ಬಿಯರನ್ನು ತಿಳಿಯಾಗಿಸಲು ಬೇಕಾದ ಪದಾರ್ಥಗಳು. ತಣ್ಣಗಾದ ಬಿಯರ್‌ನಲ್ಲಿ ಪ್ರೋಟೀನುಗಳು ಸೇರಿಕೊಂಡು ಕದಡಿದಂತೆ ಕಾಣುತ್ತದೆ. ಪಪೈನ್ ಆ ಪ್ರೋಟೀನನ್ನು ತುಂಡರಿಸುತ್ತದೆ. ಗಟ್ಟಿ ಮಾಂಸ ಬೇಗ ಬೇಯಲೆಂದು ಪರಂಗಿ ಕಾಯಿ ಹಾಕುವ ಅಡುಗೆಯವರಿಗೆ ಗೊತ್ತಿದ್ದ ಗುಣವೇ ಇದು. ಸಂಸ್ಥೆ ಒಂದು ವರ್ಷದೊಳಗೆ ಅಮೆರಿಕ ಮತ್ತು ಯೂರೋಪಿಗೆ ರಫ್ತು ಮಾಡತೊಡಗಿತು. ಹೊಸೂರು ರಸ್ತೆಯಲ್ಲಿ 20 ಎಕರೆ ಜಮೀನು ಕೊಂಡಿತು. ಇಂದಿನ ಮೆಟ್ರೊ ನಿಲ್ದಾಣಕ್ಕೆ ಹೆಸರು ಬಂದದ್ದು ಹೀಗೆ.

ಆಗ ಓದಲು ಏನಿತ್ತು?

ಆ ದಿನಗಳಲ್ಲಿ ಜೀವವಿಜ್ಞಾನ ಓದಬಯಸಿದ ಕನ್ನಡದ ಹುಡುಗ ಹುಡುಗಿಯರ ಮುಂದೆ ಇದ್ದದ್ದು ಮುಖ್ಯವಾಗಿ ಸಿ.ಬಿ.ಝಡ್., ಎಂದರೆ ರಸಾಯನಶಾಸ್ತ್ರ, ಸಸ್ಯಶಾಸ್ತ್ರ ಮತ್ತು ಪ್ರಾಣಿಶಾಸ್ತ್ರಗಳ ಬಿ.ಎಸ್ಸಿ. ಕಪ್ಪೆ ಕೊಯ್ಯುವುದು, ಎಲೆ ಒಣಗಿಸಿ ಅಂಟಿಸುವುದು, ರೆಕಾರ್ಡ್ ಪುಸ್ತಕದಲ್ಲಿ ಪೆನ್ಸಿಲ್ ಚಿತ್ರ ಬರೆಯುವುದು. ಡಿಎನ್‌ಎ ಪಠ್ಯದಲ್ಲಿತ್ತು, ಆದರೆ ಪುಟದ ಮೇಲಿನ ಚಿತ್ರವಾಗಿ ಮಾತ್ರ.

ಹಾಗೆಂದು ಬೆಂಗಳೂರಿನಲ್ಲಿ ಆಣವಿಕ ಜೀವವಿಜ್ಞಾನ ಇರಲಿಲ್ಲವೆಂದಲ್ಲ. ಮದ್ರಾಸಿನಲ್ಲಿದ್ದಾಗ ಕೊಲಾಜೆನ್ ಪ್ರೋಟೀನಿನ ಮೂರೆಳೆಯ ರಚನೆಯನ್ನು ತೋರಿಸಿಕೊಟ್ಟಿದ್ದ ಜಿ.ಎನ್. ರಾಮಚಂದ್ರನ್ 1970ರ ದಶಕದ ಆರಂಭದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಎಂದರೆ ನಮ್ಮ ಜನರ ‘ಟಾಟಾ ಇನ್ಸ್‌ಟಿಟ್ಯೂಟ್’ನಲ್ಲಿ, ಆಣವಿಕ ಜೀವಭೌತಶಾಸ್ತ್ರ ಘಟಕವನ್ನು ಕಟ್ಟಿದ್ದರು. ಅವರು ಮೂಲತಃ ಭೌತವಿಜ್ಞಾನಿ. ಈ ಕ್ಷೇತ್ರಕ್ಕೆ ಹಾದಿ ಹಾಕಿದವರಲ್ಲಿ ಅನೇಕರು ಹೀಗೆಯೇ ಬೇರೆ ಶಾಸ್ತ್ರಗಳಿಂದ ಬಂದವರು. ಆದರೆ ಇದೆಲ್ಲ ಸಂಶೋಧನೆಯ ಮಟ್ಟದ ಮಾತು. ಮಲ್ಲೇಶ್ವರದಿಂದ ಆಚೆಗಿನ ಆ ಆವರಣದ ಒಳಗೆ ನಡೆಯುತ್ತಿದ್ದುದಕ್ಕೂ ಜಿಲ್ಲಾ ಕೇಂದ್ರದ ಕಾಲೇಜಿನ ಪ್ರಯೋಗಾಲಯಕ್ಕೂ ನಡುವೆ ಸೇತುವೆ ಇರಲಿಲ್ಲ.

ಕೇಂದ್ರ ಸರ್ಕಾರ 1982ರಲ್ಲಿ ರಾಷ್ಟ್ರೀಯ ಜೈವಿಕ ತಂತ್ರಜ್ಞಾನ ಮಂಡಳಿಯನ್ನು ಸ್ಥಾಪಿಸಿತು. 1986ರಲ್ಲಿ ಅದು ಪ್ರತ್ಯೇಕ ಇಲಾಖೆಯಾಯಿತು. ಕೆಲಸ ಬಲ್ಲವರ ಕೊರತೆ ನೀಗಿಸಲು ಕೇಂದ್ರ ಆರಿಸಿಕೊಂಡ ದಾರಿ ಸ್ನಾತಕೋತ್ತರ ಶಿಕ್ಷಣದ್ದು. ದೆಹಲಿಯ ಜವಾಹರಲಾಲ್ ನೆಹರೂ, ಮದುರೆ ಕಾಮರಾಜ್, ಪುಣೆಯಂಥ ಕೆಲವೇ ವಿಶ್ವವಿದ್ಯಾಲಯಗಳಲ್ಲಿ ಎಂ.ಎಸ್ಸಿ. ತರಗತಿಗಳಿಗೆ ಇಲಾಖೆ ಹಣ ಕೊಟ್ಟಿತು. ಪದವಿ ತರಗತಿಗಳನ್ನು ಆಗ ಮುಟ್ಟಲಿಲ್ಲ. ಈ ವಿದ್ಯೆ ಕೈಯಿಂದ ಕಲಿಯುವಂಥದು. ಕೈಗೆ ಬೇಕಾದ ಸಾಮಗ್ರಿ ಬಹಳ ದುಬಾರಿ, ಅದರಲ್ಲೂ ಬಹುಪಾಲು ವಿದೇಶದ್ದು. ಆ ಸಾಮಗ್ರಿ ಏನು ಎಂದು ತಿಳಿಯಲು ನಾವೀಗ ನಗರದ ಇನ್ನೊಂದು ತುದಿಗೆ, ಪೀಣ್ಯಕ್ಕೆ ಹೋಗಬೇಕು.

ಪೀಣ್ಯದ ಕತ್ತರಿಗಳು

ಪೀಣ್ಯ ಎಂದರೆ ಲೇತು, ಮಿಲ್ಲಿಂಗ್ ಯಂತ್ರ, ಎಣ್ಣೆ ಹತ್ತಿದ ಸಮವಸ್ತ್ರ ಎಂದು ನಮ್ಮ ಕಲ್ಪನೆ. ಆದರೆ ಕಣ್ಣಿಗೆ ಕಾಣದ ಕತ್ತರಿಗಳನ್ನು ತಯಾರಿಸುವ ಸಂಸ್ಥೆಯೊಂದೂ ಆ ಕೈಗಾರಿಕಾ ಪ್ರದೇಶದಲ್ಲಿ ನೆಲೆಯೂರಿತು. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಆಣವಿಕ ಜೀವವಿಜ್ಞಾನಿಯಾಗಿದ್ದ ಪಿ. ಬಾಬು 1989ರಲ್ಲಿ ಆರಂಭಿಸಿದ ಅದರ ಹೆಸರು ‘ಬೆಂಗಳೂರು ಜೀನೈ’.

ಬ್ಯಾಕ್ಟೀರಿಯಾಗಳಿಗೂ ವೈರಸ್ಸುಗಳ ಕಾಟವಿದೆ. ಒಳನುಗ್ಗಿದ ವೈರಸ್ಸಿನ ಡಿಎನ್‌ಎಯನ್ನು ತುಂಡರಿಸಲು ಅವು ತಮ್ಮಲ್ಲೇ ಕಿಣ್ವಗಳನ್ನು ಇಟ್ಟುಕೊಂಡಿವೆ. ಒಂದೊಂದು ಕಿಣ್ವ ಒಂದೊಂದು ಅಕ್ಷರಸಾಲನ್ನು ಮಾತ್ರ ಗುರುತಿಸುತ್ತದೆ. ‘ಇಕೊ-ಆರ್-ಒನ್’ ಎಂಬ ಕಿಣ್ವ ಹುಡುಕುವುದು ಜಿ-ಎ-ಎ-ಟಿ-ಟಿ-ಸಿ ಎಂಬ ಆರು ಅಕ್ಷರಗಳ ಸಾಲನ್ನು. ಡಿಎನ್‌ಎಯ ಎದುರು ಎಳೆಯನ್ನು ಹಿಂದಿನಿಂದ ಓದಿದರೂ ಅದೇ ಸಾಲು ಬರುತ್ತದೆ. ‘ವಿಕಟಕವಿ’ ಎಂಬುದನ್ನು ಎತ್ತ ಕಡೆಯಿಂದ ಓದಿದರೂ ವಿಕಟಕವಿಯೇ ಆಗುವಂತೆ ಎಂದಿಟ್ಟುಕೊಳ್ಳಿ. ಈ ಕತ್ತರಿಗಳಿಂದಲೇ ವಂಶವಾಹಿಯನ್ನು ಒಂದು ಕಡೆ ಕತ್ತರಿಸಿ ಇನ್ನೊಂದು ಕಡೆ ಜೋಡಿಸುವ ವಿದ್ಯೆ ಸಾಧ್ಯವಾಯಿತು.

ಇಂಥ ಕಿಣ್ವಗಳು ಶೂನ್ಯಕ್ಕಿಂತ 20 ಡಿಗ್ರಿ ಸೆಲ್ಸಿಯಸ್ ಕೆಳಗಿನ ತಂಪಿನಲ್ಲಿ ಇರಬೇಕು. ವಿದೇಶದಿಂದ ಬರುವ ಪೊಟ್ಟಣ ವಿಮಾನ ನಿಲ್ದಾಣದ ಸುಂಕದ ಕಟ್ಟೆಯಲ್ಲಿ ನಾಲ್ಕು ದಿನ ಕೂತರೆ ಒಳಗಿನ ಮಂಜು ಕರಗಿ, ಕಿಣ್ವ ಸತ್ತು, ಖರ್ಚು ಮಾಡಿದ ವಿದೇಶಿ ವಿನಿಮಯ ನೀರುಪಾಲು. ಅದನ್ನು ಇಲ್ಲಿಯೇ ತಯಾರಿಸಿದರೆ ಸಂಶೋಧಕನಿಗೆ ಎಷ್ಟು ಉಪಕಾರ ಎಂಬುದನ್ನು ಬೇರೆ ಹೇಳಬೇಕಿಲ್ಲ. ಜೀನೈ ಇನ್ನೂ ಒಂದು ಕೆಲಸ ಮಾಡಿತು. ಕಾಲೇಜಿನ ಪ್ರಯೋಗಕ್ಕೆ ಬೇಕಾದ ಡಿಎನ್‌ಎ, ಕಿಣ್ವ, ದ್ರಾವಣಗಳನ್ನೆಲ್ಲ ಅಳೆದು ಒಂದು ಪೆಟ್ಟಿಗೆಯಲ್ಲಿಟ್ಟು, ಮಾಡುವ ವಿಧಾನವನ್ನೂ ಮುದ್ರಿಸಿ ‘ಬೋಧನಾ ಕಿಟ್’ ಎಂದು ಮಾರಿತು. ಸಂಸ್ಥೆಯ ಒಡೆತನ ಮುಂದೆ ಸನ್ಮಾರ್ ಸಮೂಹಕ್ಕೆ, ಅಲ್ಲಿಂದ ಜರ್ಮನಿಯ ಮರ್ಕ್‌ಗೆ ಹೋಯಿತು. ಆದರೆ ದೇಶದ ಅನೇಕ ಕಾಲೇಜುಗಳಲ್ಲಿ ವಿದ್ಯಾರ್ಥಿಗಳು ಮೊದಲ ಬಾರಿಗೆ ಡಿಎನ್‌ಎಯನ್ನು ಕಂಡದ್ದು ಪೀಣ್ಯದಿಂದ ಬಂದ ಆ ಪೆಟ್ಟಿಗೆಯ ಮೂಲಕ.

ಆ ಪ್ರಯೋಗ ಹೀಗಿರುತ್ತದೆ. ಲ್ಯಾಂಬ್ಡಾ ಎಂಬ ವೈರಸ್ಸಿನ ಡಿಎನ್‌ಎಯನ್ನು ಇಕೊ-ಆರ್-ಒನ್ ಕಿಣ್ವದೊಡನೆ 37 ಡಿಗ್ರಿಯಲ್ಲಿ ಇಡಬೇಕು. ಆ ಡಿಎನ್‌ಎಯಲ್ಲಿ ಸುಮಾರು 48,500 ಜೋಡಿ ಅಕ್ಷರಗಳಿವೆ. ಕಿಣ್ವ ಅದನ್ನು 5 ಕಡೆ ಕತ್ತರಿಸುವುದರಿಂದ 6 ತುಂಡುಗಳಾಗುತ್ತವೆ. ಸಮುದ್ರದ ಪಾಚಿಯಿಂದ ತೆಗೆದ ಅಗರೋಸ್‌ನ ಜೆಲ್ಲಿಯಂಥ ಹಾಳೆಯ ಒಂದು ಅಂಚಿನ ಗುಳಿಯಲ್ಲಿ ಅದನ್ನು ಹಾಕಿ ವಿದ್ಯುತ್ ಹರಿಸಬೇಕು. ಡಿಎನ್‌ಎಗೆ ಋಣ ವಿದ್ಯುದಂಶ ಇರುವುದರಿಂದ ತುಂಡುಗಳು ಧನ ಧ್ರುವದ ಕಡೆಗೆ ಓಡುತ್ತವೆ. ಚಿಕ್ಕವು ಮುಂದೆ, ದೊಡ್ಡವು ಹಿಂದೆ. ಕೊನೆಗೆ ಬಣ್ಣ ಹಾಕಿ ನೇರಳಾತೀತ ಬೆಳಕಿನಲ್ಲಿ ನೋಡಿದರೆ ಹೊಳೆಯುವ ಗೆರೆಗಳು.

ಇಲ್ಲೊಂದು ತಮಾಷೆಯಿದೆ. ಪುಸ್ತಕದ ಪ್ರಕಾರ ತುಂಡುಗಳು 6. ಆದರೆ ಅವುಗಳಲ್ಲಿ ಎರಡರ ಉದ್ದ ಹೆಚ್ಚುಕಡಿಮೆ ಒಂದೇ ಆದ್ದರಿಂದ ಅವು ಅಂಟಿಕೊಂಡು ಒಂದೇ ಗೆರೆಯಂತೆ ಕಾಣುತ್ತವೆ. ಕಣ್ಣಿಗೆ ಬೀಳುವುದು ಬಹುಮಟ್ಟಿಗೆ 5. ರೆಕಾರ್ಡ್ ಪುಸ್ತಕದಲ್ಲಿ 6 ಎಂದು ನಕಲು ಮಾಡಿದ ವಿದ್ಯಾರ್ಥಿಗೆ ಅಂಕ ಬರಬಹುದು. 5 ಎಂದು ಬರೆದು, ಆರನೆಯದು ಎಲ್ಲಿ ಹೋಯಿತು ಎಂದು ಕೇಳಿದವನಿಗೆ ವಿದ್ಯೆ ಬರುತ್ತದೆ.

ಜೋಡಿಪದದ ಮಹಿಮೆ

ಹೊಸ ಶತಮಾನದ ಹೊಸ್ತಿಲಲ್ಲಿ ಬೆಂಗಳೂರು ಸಾಫ್ಟ್‌ವೇರ್‌ನಿಂದ ಜಗತ್ತಿಗೆ ಪರಿಚಿತವಾಗಿತ್ತು. ಎಸ್.ಎಂ. ಕೃಷ್ಣ ಅವರು ಮುಖ್ಯಮಂತ್ರಿಯಾಗಿದ್ದಾಗ, 2001ರಲ್ಲಿ, ರಾಜ್ಯ ಸರ್ಕಾರ ‘ಮಿಲೆನಿಯಂ ಬಯೋಟೆಕ್ ನೀತಿ’ಯನ್ನು ಪ್ರಕಟಿಸಿತು. ಅದೇ ವರ್ಷ ‘ಬೆಂಗಳೂರು ಬಯೋ’ ಸಮಾವೇಶ ಆರಂಭವಾಯಿತು. ರಾಜ್ಯ ಸರ್ಕಾರ ಮತ್ತು ಐಸಿಐಸಿಐ ಸೇರಿ ಜೀವಮಾಹಿತಿ ವಿಜ್ಞಾನಕ್ಕಾಗಿ ಕಟ್ಟಿದ ‘ಐಬಿಎಬಿ’ ಸಂಸ್ಥೆ ಮೊದಲು ಪಾಠ ಆರಂಭಿಸಿದ್ದು ವೈಟ್‌ಫೀಲ್ಡಿನ ಐಟಿಪಿಎಲ್ ಕಟ್ಟಡದಲ್ಲಿ, ಸಾಫ್ಟ್‌ವೇರ್ ಕಂಪೆನಿಗಳ ನಡುವೆ. ಅದು ಎಲೆಕ್ಟ್ರಾನಿಕ್ ಸಿಟಿಯ ಬಯೋಟೆಕ್ ಪಾರ್ಕಿಗೆ ಹೋದದ್ದು ಆಮೇಲೆ. ವಿಜ್ಞಾನ ಸಂಸ್ಥೆಯ ಗಣಕವಿಜ್ಞಾನದ ಪ್ರಾಧ್ಯಾಪಕರು 2000ದಲ್ಲಿ ‘ಸ್ಟ್ರಾಂಡ್ ಜೀನೋಮಿಕ್ಸ್’ ಆರಂಭಿಸಿದ್ದರು. ವಂಶವಾಹಿಗಳ ಮಾಹಿತಿರಾಶಿಯನ್ನು ಜರಡಿ ಹಿಡಿಯಲು ಗಣಕ ಬೇಕಾಗಿದ್ದುದರಿಂದ ಈ ನಂಟು ಹುಸಿಯಲ್ಲ.

ಆದರೆ ‘ಐಟಿ-ಬಿಟಿ’ ಎಂಬ ಜೋಡಿಪದ ನಂಟಿಗಿಂತ ಹೆಚ್ಚಿನದನ್ನು ಹೇಳತೊಡಗಿತು. ಐಟಿಯಲ್ಲಿ ಆದದ್ದೇ ಬಿಟಿಯಲ್ಲೂ ಆಗುತ್ತದೆ ಎಂಬ ಭರವಸೆಯನ್ನು ಪ್ರಾಸವೇ ಕೊಟ್ಟಂತಾಯಿತು. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕಾಲೇಜುಗಳಲ್ಲಿ ಜೈವಿಕ ತಂತ್ರಜ್ಞಾನದ ಬಿ.ಇ. ವಿಭಾಗಗಳು ತೆರೆದವು. ಬಿ.ಎಸ್ಸಿ. ಕಾಲೇಜುಗಳಲ್ಲಿ ಸಸ್ಯಶಾಸ್ತ್ರವೋ ಪ್ರಾಣಿಶಾಸ್ತ್ರವೋ ಇದ್ದ ಜಾಗಕ್ಕೆ ಬಯೋಟೆಕ್ನಾಲಜಿ, ಸೂಕ್ಷ್ಮಜೀವಶಾಸ್ತ್ರ, ಜೀವರಸಾಯನಶಾಸ್ತ್ರಗಳ ಹೊಸ ಜೋಡಣೆಗಳು ಬಂದವು. ಗಣಿತ ಬೇಡವೆಂದು ಜೀವಶಾಸ್ತ್ರದ ಕಡೆ ಬಂದವರಿಗೆ ಬಿ.ಇ. ತರಗತಿಯಲ್ಲಿ ಗಣಿತವೂ ಉಷ್ಣಬಲವಿಜ್ಞಾನವೂ ಕಾದು ಕುಳಿತಿದ್ದವು ಎಂಬುದು ಬೇರೆ ಮಾತು.

2004 ಈ ಭರವಸೆಯ ತುತ್ತತುದಿ. ಆ ವರ್ಷ ಬಯೋಕಾನ್ ಷೇರುಪೇಟೆಗೆ ಬಂದ ಮೊದಲ ದಿನವೇ ಅದರ ಮೌಲ್ಯ 100 ಕೋಟಿ ಡಾಲರ್ ದಾಟಿತು. ಅದೇ ವರ್ಷ ‘ಇನ್ಸುಜೆನ್’ ಎಂಬ ಹೆಸರಿನಲ್ಲಿ ಅದರ ಇನ್ಸುಲಿನ್ ಮಾರುಕಟ್ಟೆಗೆ ಬಂತು. ಪೀಕಿಯ ಎಂಬ ಯೀಸ್ಟ್‌ನ ಒಳಗೆ ಮಾನವನ ಇನ್ಸುಲಿನ್ನಿನ ವಂಶವಾಹಿ ಇಟ್ಟು, ದೊಡ್ಡ ತೊಟ್ಟಿಗಳಲ್ಲಿ ಬೆಳೆಸಿ ತೆಗೆದ ಔಷಧ ಅದು. ಬಿಯರ್ ತಿಳಿಯಾಗಿಸುವ ಪದಾರ್ಥದಿಂದ ಇನ್ಸುಲಿನ್ನಿನ ತನಕ ಬರಲು ಸಂಸ್ಥೆಗೆ ಹಿಡಿದದ್ದು 26 ವರ್ಷ. ಸಂಭ್ರಮದಲ್ಲಿ ಈ 26 ಎಂಬ ಅಂಕಿಯನ್ನು ಹೆಚ್ಚು ಮಂದಿ ಗಮನಿಸಲಿಲ್ಲ.

ಎಲ್ಲಿ ತಪ್ಪಿತು ಲೆಕ್ಕ?

ಸಾಫ್ಟ್‌ವೇರ್ ಕಂಪೆನಿಗೆ ಒಂದು ಮೇಜು, ಒಂದು ಗಣಕ, ಆರು ತಿಂಗಳ ತರಬೇತಿ ಸಾಕು. ಸಿವಿಲ್ ಓದಿದವನೂ ಮೆಕ್ಯಾನಿಕಲ್ ಓದಿದವನೂ ಅಲ್ಲಿ ಒಂದೇ. ಬರೆದ ಪ್ರೋಗ್ರಾಂ ತಪ್ಪಾದರೆ ತಿದ್ದಿ ಮತ್ತೆ ಓಡಿಸಬಹುದು. ಹುದುಗು ತೊಟ್ಟಿಯೊಳಗೆ ಬೇಡದ ಬ್ಯಾಕ್ಟೀರಿಯಾ ಸೇರಿಕೊಂಡರೆ ಇಡೀ ತೊಟ್ಟಿಯನ್ನೇ ಚೆಲ್ಲಬೇಕು. ಔಷಧವೊಂದು ಪ್ರಯೋಗಾಲಯದಿಂದ ರೋಗಿಗೆ ತಲುಪಲು ಹಲವು ವರ್ಷ ಬೇಕು. ಸಂಶೋಧನಾ ವಿಭಾಗದ ಮೇಲಿನ ಹುದ್ದೆಗಳು ಪಿಎಚ್.ಡಿ. ಕೇಳುತ್ತವೆ. ಉಳಿದ ಹುದ್ದೆಗಳಿಗೆ, ಅಂದರೆ ಉತ್ಪಾದನೆ ಮತ್ತು ಗುಣಮಟ್ಟ ಪರೀಕ್ಷೆಗೆ, ಬೇಕಾದದ್ದು ಶುಚಿತ್ವದ ಶಿಸ್ತು, ಲೆಕ್ಕದ ಕರಾರುವಾಕ್ಕುತನ ಮತ್ತು ದಿನಚರಿ ಪುಸ್ತಕದಲ್ಲಿ ನಡೆದದ್ದನ್ನು ನಡೆದಂತೆಯೇ ಬರೆಯುವ ಅಭ್ಯಾಸ. ಎಲ್ಲಕ್ಕಿಂತ ಮಿಗಿಲಾಗಿ, ಬಿಟಿಗೆ ಐಟಿಯಷ್ಟು ಜನ ಬೇಕಾಗಲಿಲ್ಲ.

ಇತ್ತ ಕಾಲೇಜುಗಳಲ್ಲಿ ಪದವಿಯ ಹೆಸರು ಬಂದಷ್ಟು ಬೇಗ ಪ್ರಯೋಗಾಲಯ ಬರಲಿಲ್ಲ. ಒಂದು ಕಿಟ್‌ನಲ್ಲಿ ಕೆಲವೇ ಪ್ರಯೋಗ, ಅದರ ಸುತ್ತ ಇಡೀ ತರಗತಿ, ಪಿಪೆಟ್ ಮಾತ್ರ ಅಧ್ಯಾಪಕರ ಕೈಯಲ್ಲಿ. ಇಂಥ ದೃಶ್ಯ ಅಪರೂಪವಾಗಿರಲಿಲ್ಲ. ಹೊಸ ಪದವೀಧರರಲ್ಲಿ ಎಷ್ಟೋ ಮಂದಿ ಹೊಸೂರು ರಸ್ತೆಯ ಬಸ್ಸನ್ನೇ ಹತ್ತಿದರು, ಆದರೆ ಇಳಿದದ್ದು ಸಾಫ್ಟ್‌ವೇರ್ ಕಂಪೆನಿಯ ಗೇಟಿನಲ್ಲಿ. ಕೆಲವು ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಬಯೋಟೆಕ್ನಾಲಜಿ ಸೀಟುಗಳು ಖಾಲಿ ಉಳಿಯತೊಡಗಿದವು.

ಕೊರತೆಯನ್ನು ಸರ್ಕಾರವೂ ಉದ್ಯಮವೂ ಒಪ್ಪಿಕೊಂಡವು. 2010ರ ದಶಕದಲ್ಲಿ ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ ಮತ್ತು ರಾಜ್ಯ ಸರ್ಕಾರ ಕೂಡಿ, ಓದು ಮುಗಿಸಿದವರಿಗೆ ಕೈಕೆಲಸ ಕಲಿಸುವ ‘ಬಯೋಟೆಕ್ ಫಿನಿಶಿಂಗ್ ಸ್ಕೂಲ್’ಗಳನ್ನು ಆರಂಭಿಸಿದವು. ಬಯೋಕಾನ್ ಕೂಡ ಅಮೆರಿಕದ ಕೆಕ್ ಸಂಸ್ಥೆಯ ಜೊತೆಗೂಡಿ ತನ್ನದೇ ಅಕಾಡೆಮಿ ತೆರೆಯಿತು. ಭಾರತೀಯ ವಿಜ್ಞಾನ ಸಂಸ್ಥೆ 2011ರಲ್ಲಿ, ತನ್ನ ಶತಮಾನ ದಾಟಿದ ಮೇಲೆ, ನಾಲ್ಕು ವರ್ಷದ ಪದವಿ ತರಗತಿ ಆರಂಭಿಸಿತು. ಅಲ್ಲಿ ಜೀವವಿಜ್ಞಾನ ಆರಿಸಿಕೊಳ್ಳುವವರೂ ಮೊದಲು ಗಣಿತ, ಭೌತಶಾಸ್ತ್ರ, ರಸಾಯನಶಾಸ್ತ್ರ ಓದಲೇಬೇಕು. ರಾಮಚಂದ್ರನ್ ಅವರಂಥವರು ಬಂದ ದಾರಿಯ ನೆನಪು ಈ ಕ್ರಮದಲ್ಲಿದೆ. ರಾಜ್ಯದ ಇತರ ವಿಶ್ವವಿದ್ಯಾಲಯಗಳಲ್ಲಿ 2021ರಲ್ಲಿ ಬಂದ ನಾಲ್ಕು ವರ್ಷದ ಆನರ್ಸ್ ಪದ್ಧತಿಯನ್ನು 2024ರಲ್ಲಿ ಕೈಬಿಟ್ಟು ಮತ್ತೆ ಮೂರು ವರ್ಷದ ಪದವಿಗೇ ಮರಳಲಾಯಿತು. ಪ್ರಯೋಗಕ್ಕೆ ಸಿಗಬಹುದಾಗಿದ್ದ ಒಂದು ವರ್ಷ ಹೀಗೆ ಬಂದು ಹೀಗೆ ಹೋಯಿತು.

ನಷ್ಟವೇ ಅಲ್ಲ

ಹಾಗಾದರೆ ಈ ಪದವಿ ವ್ಯರ್ಥವೇ? 2020 ಅದಕ್ಕೊಂದು ಉತ್ತರ ಕೊಟ್ಟಿತು. ಕೋವಿಡ್ ಬಂದಾಗ ‘ಆರ್‌ಟಿ-ಪಿಸಿಆರ್’ ಎಂಬ ಪದ ಹಳ್ಳಿ ಹಳ್ಳಿಗೂ ತಲುಪಿತು. ಕ್ಯಾರಿ ಮುಲ್ಲಿಸ್ 1983ರಲ್ಲಿ ಕಂಡುಹಿಡಿದ, ಡಿಎನ್‌ಎಯ ಒಂದು ತುಣುಕನ್ನು ಕೋಟಿಗಟ್ಟಲೆ ಮಾಡುವ ಆ ವಿಧಾನ ಅದುವರೆಗೆ ಬಯೋಟೆಕ್ ವಿದ್ಯಾರ್ಥಿಯ ಪರೀಕ್ಷೆಯ ಪ್ರಶ್ನೆಯಾಗಿತ್ತು. ಜಿಲ್ಲೆ ಜಿಲ್ಲೆಗಳಲ್ಲಿ ಪರೀಕ್ಷಾ ಕೇಂದ್ರಗಳು ತೆರೆದಾಗ ಪಿಪೆಟ್ ಹಿಡಿಯಬಲ್ಲವರಿಗಾಗಿ ಹುಡುಕಾಟ ನಡೆಯಿತು. ಆಗ ಗಂಟುಮೋರೆಯ ನೆಂಟರು ‘ಇದನ್ನೋದಿ ಏನು ಪ್ರಯೋಜನ’ ಎಂದಿದ್ದ ಹುಡುಗಿಯರೂ ಹುಡುಗರೂ ಮುಖಕವಚ ಹಾಕಿಕೊಂಡು ಪಾಳಿಯ ಮೇಲೆ ಪಾಳಿ ದುಡಿದರು. ಅವರ ಕೈಯಲ್ಲಿ ಅದು ತಪ್ಪಾಗಿದ್ದರೆ ಯಾವ ವೈದ್ಯರ ಲೆಕ್ಕವೂ ಸರಿಯಾಗುತ್ತಿರಲಿಲ್ಲ.

ಮೂರು ಕೈಗಾರಿಕಾ ಪ್ರದೇಶಗಳೂ ಇಂದಿಗೆ ಬೇರೆ ರೂಪ ತಾಳಿವೆ. ಬಯೋಕಾನ್ 2007ರಲ್ಲಿ ತನ್ನ ಹಳೆಯ ಕಿಣ್ವ ವಿಭಾಗವನ್ನು ಡೆನ್ಮಾರ್ಕಿನ ನೊವೊಜೈಮ್ಸ್ ಸಂಸ್ಥೆಗೆ ಮಾರಿತು. ನೊವೊಜೈಮ್ಸ್ ಅದಾಗಲೇ ನೆಲೆ ಮಾಡಿಕೊಂಡಿದ್ದದ್ದು ವೈಟ್‌ಫೀಲ್ಡಿನಲ್ಲಿ. ಕೋರಮಂಗಲದ ಗ್ಯಾರೇಜಿನ ವ್ಯಾಪಾರ ಊರಿನ ಇನ್ನೊಂದು ಅಂಚಿಗೆ ಹೋದಂತಾಯಿತು.

ಮಗಳನ್ನು ಈ ಪದವಿಗೆ ಸೇರಿಸಲು ಹೊರಟ ತಂದೆತಾಯಿ ಕಾಲೇಜಿನಲ್ಲಿ ಮೊದಲು ಕೇಳುವುದು ‘ಪ್ಲೇಸ್‌ಮೆಂಟ್ ಎಷ್ಟು?’ ಎಂದು. ಕೇಳಲಿ, ತಪ್ಪೇನಿಲ್ಲ. ಅದರ ಜೊತೆಗೆ ಇನ್ನೂ ಎರಡು ಪ್ರಶ್ನೆ ಕೇಳಿದರೆ ಒಳ್ಳೆಯದು. ಪ್ರಯೋಗಾಲಯದಲ್ಲಿ ಒಬ್ಬೊಬ್ಬ ವಿದ್ಯಾರ್ಥಿಯ ಕೈಗೂ ಪಿಪೆಟ್ ಸಿಗುತ್ತದೆಯೇ? ಜೆಲ್ ಮೇಲೆ 5 ಗೆರೆ ಕಂಡವಳು 5 ಎಂದೇ ಬರೆದರೆ ಅಧ್ಯಾಪಕರು ಏನನ್ನುತ್ತಾರೆ? ಪ್ರಾಣಿಶಾಸ್ತ್ರದಿಂದ ಬಂದವರೂ ಭೌತಶಾಸ್ತ್ರದಿಂದ ಬಂದವರೂ ಈ ಊರಿನಲ್ಲಿ ಬಯೋಟೆಕ್ನಾಲಜಿಯನ್ನು ಕಟ್ಟಿದರು. ಅವರ ಬಳಿ ಆ ಹೆಸರಿನ ಪದವಿ ಇರಲಿಲ್ಲ, ಪ್ರಯೋಗ ಮಾಡಿ ಪಳಗಿದ ಕೈ ಇತ್ತು. ಈಗ ಪದವಿ ಎಲ್ಲೆಡೆ ಇದೆ. ಅದನ್ನು ಕೊಡುವ ಕಾಲೇಜು ಅಂಥ ಕೈಯನ್ನೂ ಕೊಡುತ್ತದೆಯೇ ಎಂದು ನೋಡಿಕೊಂಡು ಸೇರಿಸಿದರೆ, ಹಳದಿ ಮಾರ್ಗದಲ್ಲಿ ಯಾವ ನಿಲ್ದಾಣದಲ್ಲಿ ಇಳಿಯಬೇಕೆಂಬುದನ್ನು ಮಗಳೇ ತೀರ್ಮಾನಿಸಬಹುದು.